ಸೈಲೆನ್ಸರಿನ ದುರಸ್ತಿಯೂ ಸದ್ದಿನ ಷೋಕಿಯೂ

ತುಕ್ಕು ತಿಂದು ತೂತು ಬಿದ್ದ ಸೈಲೆನ್ಸರನ್ನು ಮನೆಯ ಅಂಗಳದಲ್ಲಿಯೇ ಬಿಚ್ಚಿ, ಪೇಟೆಯಿಂದ ತಂದ ಹೊಸದೊಂದನ್ನು ತಮ್ಮ ಕೈಯಿಂದಲೇ ಕಾರಿಗೆ ಜೋಡಿಸಿಕೊಳ್ಳುವ ಗೃಹಸ್ಥರು ನಮ್ಮ ಪಟ್ಟಣಗಳಲ್ಲಿ ಇದ್ದಾರೆ. ಕಾರನ್ನು ತಯಾರಿಸಿದ ಕಂಪನಿಯದಲ್ಲದ, ಬೇರೆ ತಯಾರಕರು ಮಾಡಿ ಬಿಡಿಯಾಗಿ ಮಾರುವ ಇಂತಹ ಸಾಮಾನಿಗೆ ವ್ಯಾಪಾರಸ್ಥರು ‘ಆಫ್ಟರ್‌ಮಾರ್ಕೆಟ್’ ಎಂದು ಹೆಸರಿಟ್ಟಿದ್ದಾರೆ. ಬೆಂಗಳೂರಿನ ಜೆ. ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಈ ಕೊಳವೆಗಳು ಎರಡು ಬಗೆಯ ಗಿರಾಕಿಗಳಿಗಾಗಿ ಕಾದಿರುತ್ತವೆ. ಹತ್ತು ವರ್ಷದ ಹಳೆಯ ಕಾರನ್ನು ಇನ್ನೈದು ವರ್ಷ ಓಡಿಸಬೇಕೆಂಬ ಸಂಸಾರಸ್ಥನು ಒಬ್ಬ. ಹೊಸ ಕಾರಿಗೆ ಸಿಂಹದ ಕಂಠ ಬೇಕೆಂಬ ಷೋಕಿಯ ಯುವಕನು ಇನ್ನೊಬ್ಬ. ಇಬ್ಬರೂ ಬಿಚ್ಚುವುದು ಅವೇ ನಟ್ಟುಗಳನ್ನು. ಇಬ್ಬರೂ ಮಲಗುವುದು ಕಾರಿನ ಅಡಿಯಲ್ಲಿಯೇ. ಆದರೆ ಒಬ್ಬನ ಕೆಲಸದಿಂದ ಬೀದಿಗೆ ಉಪಕಾರವುಂಟು, ಮತ್ತೊಬ್ಬನ ಕೆಲಸದಿಂದ ಬೀದಿಗೆಲ್ಲ ಉಪದ್ರವವುಂಟು. ನಮ್ಮ ಕಾಯಿದೆಯಾಗಲಿ, ಅದನ್ನು ನಡೆಸುವ ಅಧಿಕಾರಿಗಳಾಗಲಿ ಈ ಇಬ್ಬರನ್ನು ಬೇರೆ ಬೇರೆಯಾಗಿ ಗುರುತಿಸುವ ಉಪಾಯವನ್ನು ಇನ್ನೂ ಮಾಡಿಕೊಂಡಿಲ್ಲವೆಂಬುದೇ ಇಂದಿನ ನಮ್ಮ ಆಕ್ಷೇಪಣೆ.

ಈ ಕೊಳವೆಯ ಕೆಲಸವೇನೆಂಬುದನ್ನು ಮೊದಲು ತಿಳಿಯುವುದು ಉಚಿತ. ಎಂಜಿನ್ನಿನ ಸಿಲಿಂಡರಿನಲ್ಲಿ ಪೆಟ್ರೋಲು ಉರಿದು ಉಳಿದ ಬಿಸಿ ಅನಿಲವು ಕವಾಟ ತೆರೆದೊಡನೆ ಬಹು ರಭಸದಿಂದ ಹೊರಕ್ಕೆ ನುಗ್ಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಇಂತಹ ನುಗ್ಗಾಟವು ಸೆಕೆಂಡಿಗೆ 100 ಸಲ ನಡೆಯುವುದು. ಇದಕ್ಕೆ ತಡೆಯಿಲ್ಲದಿದ್ದರೆ ಪ್ರತಿಯೊಂದು ಕಾರೂ ಒಂದು ಸಣ್ಣ ಫಿರಂಗಿಯ ಸಾಲನ್ನು ಹೊತ್ತು ತಿರುಗಿದಂತಾಗುತ್ತಿತ್ತು. ಸೈಲೆನ್ಸರಿನ ಡಬ್ಬಿಯೊಳಗಿನ ಕೋಣೆಗಳೂ ತೂತುಗಳುಳ್ಳ ನಳಿಗೆಗಳೂ ಈ ಸದ್ದಿನ ಅಲೆಗಳನ್ನು ಹಿಂದಕ್ಕೆ ತಿರುಗಿಸಿ, ಒಂದರಿಂದ ಇನ್ನೊಂದನ್ನು ಅಡಗಿಸುತ್ತವೆ. ಅಮೆರಿಕದಲ್ಲಿ 1897ರಲ್ಲಿಯೇ ಇದಕ್ಕೆ ಪೇಟೆಂಟು ದೊರೆತಿತ್ತೆಂದ ಮೇಲೆ, ಮೋಟಾರು ಗಾಡಿ ಹುಟ್ಟಿದ ಹೊಸತರಲ್ಲಿಯೇ ಅದರ ಬಾಯಿ ಮುಚ್ಚಿಸುವ ಅಗತ್ಯವೂ ತೋರಿತ್ತೆಂದು ತಿಳಿಯಬೇಕು.

ಸದ್ದಡಗಿಸುವುದು ಕೊಳವೆಯ ಅರ್ಧ ಕೆಲಸ ಮಾತ್ರ. ಉಳಿದರ್ಧವನ್ನು ಮಾಡುವುದು ಎಂಜಿನ್ನಿಗೆ ಸಮೀಪದಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರು. ನೋಡಲು ಉಕ್ಕಿನ ಸಣ್ಣ ಡಬ್ಬಿ. ಒಳಗೆ ಜೇನುಗೂಡಿನಂತೆ ಸಾವಿರಾರು ಕಿಂಡಿಗಳುಳ್ಳ ಪಿಂಗಾಣಿಯ ಇಟ್ಟಿಗೆ. ಆ ಕಿಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳು ಲೇಪ. ಬಿಸಿಯೇರಿದ ಮೇಲೆ ಇದು ವಿಷವಾದ ಕಾರ್ಬನ್ ಮಾನಾಕ್ಸೈಡನ್ನೂ ಉರಿಯದೆ ಉಳಿದ ಪೆಟ್ರೋಲಿನ ಆವಿಯನ್ನೂ ಇಂಗಾಲಾಮ್ಲವಾಗಿಯೂ ನೀರಾಗಿಯೂ ಮಾರ್ಪಡಿಸುತ್ತದೆ. ನೈಟ್ರೋಜನ್ ಆಕ್ಸೈಡುಗಳನ್ನು ಒಡೆದು ಗಾಳಿಯಲ್ಲಿರುವ ಸಾಮಾನ್ಯ ನೈಟ್ರೋಜನ್ನಾಗಿ ಬಿಡುತ್ತದೆ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಯೂಜೀನ್ ಹೌಡ್ರಿ ಎಂಬ ಇಂಜಿನಿಯರು 1950ರ ದಶಕದಲ್ಲಿಯೇ ಇದರ ಮಾರ್ಗವನ್ನು ತೋರಿಸಿದ್ದರು. ಆದರೆ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸವು ಆ ಲೇಪವನ್ನು ಕೆಡಿಸುತ್ತಿದ್ದುದರಿಂದ ಅಮೆರಿಕದ ಕಾರುಗಳಿಗೆ ಇದು ಬಂದದ್ದು 1975ರ ಸುಮಾರಿಗೆ. ನಮ್ಮ ದೇಶದಲ್ಲಿ 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬಯಿ, ಕಲಕತ್ತೆ, ಮದರಾಸುಗಳಲ್ಲಿ ಮಾರುವ ಹೊಸ ಪೆಟ್ರೋಲು ಕಾರುಗಳಿಗೆ ಇದನ್ನು ಕಡ್ಡಾಯ ಮಾಡಲಾಯಿತು. ಬೆಂಗಳೂರು ಆ ನಾಲ್ಕರಲ್ಲಿ ಸೇರಿರಲಿಲ್ಲ. ಸೀಸವಿಲ್ಲದ ಪೆಟ್ರೋಲು ದೇಶಕ್ಕೆಲ್ಲ ದೊರೆತದ್ದು 2000ದ ಫೆಬ್ರವರಿ 1ರಿಂದ. ಭಾರತ್ ಸ್ಟೇಜ್ ಆರು ಎಂಬ ಬಿಗಿಯಾದ ಅಳತೆ ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಿಂದ. ಕಾಲು ಶತಮಾನದ ಈ ಪ್ರಯಾಸದ ಫಲವೆಲ್ಲ ಕಾರಿನ ಅಡಿಯಲ್ಲಿರುವ ಈ ಡಬ್ಬಿಯಲ್ಲಿ ಅಡಗಿದೆ. ಅದನ್ನು ಒಂದು ಭಾನುವಾರದ ಬೆಳಿಗ್ಗೆ ಒಂದು ಸ್ಪ್ಯಾನರಿನಿಂದ ಕಿತ್ತುಹಾಕಬಹುದು.

ಪ್ರಾಮಾಣಿಕನಾದ ದುರಸ್ತಿಗಾರನ ಪಕ್ಷವನ್ನು ನಾವು ಮೊದಲು ಹಿಡಿಯುತ್ತೇವೆ. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ದೂರ ಪ್ರಯಾಣ ಮಾಡುವ ಕಾರಿನಲ್ಲಿ ಈ ಆವಿ ಹೊರಗೆ ಹೋಗಿಬಿಡುವುದು. ಮನೆಯಿಂದ ಕಚೇರಿಗೆ, ಕಚೇರಿಯಿಂದ ತರಕಾರಿಯ ಪೇಟೆಗೆ, ಹೀಗೆ ಎರಡು ಮೂರು ಮೈಲಿಯ ಓಡಾಟದಲ್ಲಿ ಕೊಳವೆ ಪೂರ್ತಿ ಕಾಯುವುದೇ ಇಲ್ಲ. ಆವಿಯು ಡಬ್ಬಿಯೊಳಗೇ ತಣಿದು, ಹೊಗೆಯ ಆಮ್ಲದೊಂದಿಗೆ ಬೆರೆತು, ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಕರಾವಳಿಯ ಜಿಲ್ಲೆಗಳಲ್ಲಿ ಉಪ್ಪುಗಾಳಿಯೂ ಆರು ತಿಂಗಳ ಮಳೆಯೂ ಹೊರಗಿನಿಂದ ಅದೇ ಕೆಲಸವನ್ನು ಮಾಡುತ್ತವೆ. ಆದುದರಿಂದ ಸೈಲೆನ್ಸರು ಕೆಡುವುದು ಯಜಮಾನನ ಅಪರಾಧವಲ್ಲ. ಕೆಟ್ಟುದನ್ನು ಬೇಗ ಬದಲಾಯಿಸುವವನು ತನಗೂ ನೆರೆಯವರಿಗೂ ಹಿತವನ್ನೇ ಮಾಡುತ್ತಾನೆ. ಕೆಲಸವನ್ನು ತಾನೇ ಮಾಡಬಲ್ಲವನಾದರೆ ಇನ್ನೂ ಒಳ್ಳೆಯದು. ಓದುಬರಹ ಬಲ್ಲ ನಮ್ಮ ಜನ ಕೈಗೆ ಮಸಿ ಹತ್ತುವ ಕೆಲಸವನ್ನು ಕೀಳೆಂದು ಭಾವಿಸುವ ಚಾಳಿಯನ್ನು ನಾವು ಎಂದೂ ಮೆಚ್ಚಿದವರಲ್ಲ.

ಆದರೆ ಬಲ್ಲವನಾಗಿರಬೇಕು. ಕಾರಿನೊಂದಿಗೆ ಬರುವ ಜಾಕ್ ಇರುವುದು ಚಕ್ರ ಬದಲಾಯಿಸಲಿಕ್ಕೆ. ಅದರ ಆಧಾರವೊಂದನ್ನೇ ನಂಬಿ ಕಾರಿನ ಅಡಿಗೆ ಎಂದಿಗೂ ಹೋಗಬಾರದು. ಜಾಕ್ ಜಾರಿತೆಂದರೆ ಒಂದು ಟನ್ನಿನ ಭಾರ ಎದೆಯ ಮೇಲೆ ಬಂದು ಕೂರುವುದು, ಕೂಗಲಿಕ್ಕೂ ಅವಕಾಶವಿರದು. ಸಮನಾದ ಗಟ್ಟಿ ನೆಲವೂ, ಚಕ್ರಕ್ಕೆ ಒತ್ತುಗಲ್ಲೂ, ಭಾರ ಹೊರಲೆಂದೇ ಮಾಡಿದ ಉಕ್ಕಿನ ಸ್ಟ್ಯಾಂಡುಗಳೂ ಇಲ್ಲದವನು ಈ ಕೆಲಸಕ್ಕೆ ಕೈ ಹಾಕುವುದು ಬೇಡ. ಇಟ್ಟಿಗೆಗಳನ್ನು ಪೇರಿಸಿ ಕಾರನ್ನು ನಿಲ್ಲಿಸುವವರೂ ಇದ್ದಾರೆ. ಇಟ್ಟಿಗೆ ಬಿರಿಯುವುದಕ್ಕೆ ಮುನ್ಸೂಚನೆ ಕೊಡುವುದಿಲ್ಲ. ಓಡಿ ಬಂದ ಕಾರಿನ ಕೊಳವೆ ತಣ್ಣಗಾಗಲು ಗಂಟೆಗಳೇ ಬೇಕು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿಟ್ಟರೆ ಬೆಳಿಗ್ಗೆ ಅರ್ಧ ಶ್ರಮ ಉಳಿಯುತ್ತದೆ. ಬಲಪ್ರಯೋಗದಿಂದ ಬೋಲ್ಟು ಮುರಿದುಕೊಂಡವನು ಕೊನೆಗೆ ಗ್ಯಾರೇಜಿಗೇ ಹೋಗಬೇಕಾಗುವುದು.

ಕೊಳವೆಯನ್ನು ತೂಗಿಸಿರುವ ರಬ್ಬರು ಬಳೆಗಳು ಸಾಬೂನಿನ ನೀರು ಹಚ್ಚಿದರೆ ಸುಲಭವಾಗಿ ಜಾರುತ್ತವೆ. ಹಳತನ್ನು ಬಿಚ್ಚುವಾಗ ಅದರ ಭಾರವೆಲ್ಲ ಮುಂದಿನ ಆಕ್ಸಿಜನ್ ಸೆನ್ಸರಿನ ತಂತಿಯ ಮೇಲೆ ಬೀಳದಂತೆ ಆಧಾರ ಕೊಟ್ಟಿರಬೇಕು. ಹಳೆಯ ಗ್ಯಾಸ್ಕೆಟ್ಟನ್ನು ಮತ್ತೆ ಹಾಕುವುದು ಸುಳ್ಳು ಉಳಿತಾಯ. ಹೊಸ ಭಾಗಗಳನ್ನೆಲ್ಲ ಮೊದಲು ಸಡಿಲವಾಗಿಯೇ ಜೋಡಿಸಿ, ಕೊಳವೆಯು ಕಾರಿನ ತಳಕ್ಕೂ, ಬ್ರೇಕಿನ ನಳಿಗೆಗೂ, ಪೆಟ್ರೋಲಿನ ನಳಿಗೆಗೂ ತಾಗದಂತೆ ಸರಿಪಡಿಸಿ, ಆ ಮೇಲೆ ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯುತ್ತ ಬರಬೇಕು. ಶಾಖ ತಡೆಯಲು ಹೊದಿಸಿದ್ದ ತಗಡನ್ನು ‘ಇದೇಕೆ’ ಎಂದು ಮೂಲೆಗೆ ಎಸೆಯಬಾರದು. ಬೆಸುಗೆಯ ಕೆಲಸವನ್ನು ಮನೆಯಲ್ಲಿ ಮಾಡಲೇಬಾರದು. ಪೆಟ್ರೋಲಿನ ಟ್ಯಾಂಕು ಗೇಣಿನ ದೂರದಲ್ಲಿರುತ್ತದೆ.

ಜೋಡಿಸಿದ ಮೇಲಿನ ಪರೀಕ್ಷೆಯನ್ನು ಬಯಲಿನಲ್ಲಿಯೇ ಮಾಡಬೇಕು, ಮುಚ್ಚಿದ ಷೆಡ್ಡಿನಲ್ಲಲ್ಲ. ಎಂಜಿನ್ನು ಇನ್ನೂ ತಣ್ಣಗಿರುವಾಗಲೇ ಕೀಲುಗಳಿಗೆ ಸಾಬೂನಿನ ನೀರನ್ನು ಹಚ್ಚಿ ನೋಡಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಇದು ಸಣ್ಣ ಮಾತಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಾಲಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸಡಿಲವಾದ ಒಂದು ಕೀಲಿನಿಂದ ಸೋರಿದ ಅನಿಲವು ಡಿಕ್ಕಿಯ ಬಿರುಕಿನ ಮೂಲಕ ಒಳಗೆ ಸೇರಿ, ಹಿಂದಿನ ಆಸನದಲ್ಲಿ ಮಲಗಿದ ಮಗುವಿನ ನಿದ್ರೆಯನ್ನು ದೀರ್ಘನಿದ್ರೆ ಮಾಡಬಲ್ಲುದು. ತಲೆನೋವು, ವಾಂತಿ ಬಂದಂತಾಗುವುದು, ಮಂಕು ಇವು ಪ್ರಯಾಣದಲ್ಲಿ ಎಲ್ಲರಿಗೂ ಒಟ್ಟಿಗೆ ತೋರಿದರೆ, ಗಾಜು ತೆರೆದು ಕಾರು ನಿಲ್ಲಿಸಿ ಹೊರಗೆ ಬರಬೇಕೆಂಬುದನ್ನು ಕಾರುಳ್ಳ ಪ್ರತಿಯೊಬ್ಬನೂ ಬಲ್ಲವನಾಗಿರಬೇಕು.

ಮನೆಯಲ್ಲಿ ಕೆಲಸ ಮಾಡುವವನಿಗೆ ಒಂದು ಗಡಿ ಉಂಟು. ಅದೇ ಕಾಯಿದೆಗೂ ಗಡಿಯಾಗಬೇಕೆಂಬುದು ನಮ್ಮ ಸೂಚನೆ. ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಣ ಕೀಲಿನಿಂದ ಬಾಲದವರೆಗಿನ ಕೊಳವೆಯೂ ಸೈಲೆನ್ಸರಿನ ಡಬ್ಬಿಯೂ ಸವೆಯತಕ್ಕ ಸಾಮಾನುಗಳು. ಟಯರಿನಂತೆ, ಬ್ಯಾಟರಿಯಂತೆ ಬದಲಾಯಿಸತಕ್ಕವು. ಆ ಕೀಲಿನಿಂದ ಮುಂದಕ್ಕೆ ಎಂಜಿನ್ನಿನ ಕಡೆಗೆ ಇರುವುದು ಮಾತ್ರ ಒಬ್ಬನ ಸ್ವಂತ ಸೊತ್ತಾದರೂ ಊರಿನ ಉಸಿರಿಗೆ ಸಂಬಂಧಪಟ್ಟದ್ದು. ಈಚಿನ ಕಾರುಗಳಲ್ಲಿ ಕನ್ವರ್ಟರಿನ ಮುಂದೆ ಒಂದು, ಹಿಂದೆ ಒಂದು, ಹೀಗೆ ಎರಡು ಆಕ್ಸಿಜನ್ ಸೆನ್ಸರುಗಳಿದ್ದು, ಮುಂದಿನದರ ವರದಿಯಂತೆ ಎಂಜಿನ್ನಿನ ಕಂಪ್ಯೂಟರು ಪೆಟ್ರೋಲನ್ನು ಅಳೆದು ಹಾಕುತ್ತದೆ. ಹಿಂದಿನದು ಕನ್ವರ್ಟರು ಕೆಲಸ ಮಾಡುತ್ತಿದೆಯೇ ಎಂದು ಕಾಯುತ್ತದೆ. ಮುಂದಿನ ಸೆನ್ಸರಿನ ಬಳಿ ಸಣ್ಣದೊಂದು ಸೋರಿಕೆಯಾಗಿ ಹೊರಗಿನ ಗಾಳಿ ಒಳಸೇರಿದರೂ ಕಂಪ್ಯೂಟರು ಮೋಸಹೋಗಿ ಬೇಡದಷ್ಟು ಪೆಟ್ರೋಲು ಸುರಿಯುವುದು. ಈ ಭಾಗಕ್ಕೆ ಕೈ ಹಾಕತಕ್ಕವನು ಬಲ್ಲ ಮೆಕ್ಯಾನಿಕನೇ ಹೊರತು ಭಾನುವಾರದ ಉತ್ಸಾಹಿಯಲ್ಲ.

ಇನ್ನು ಸಿಂಹಕಂಠದ ಯುವಕನ ಮಾತು. ಸೈಲೆನ್ಸರು ತೆಗೆದರೆ ಎಂಜಿನ್ನಿನ ಬಲ ಹೆಚ್ಚುವುದೆಂದು ಅಂಗಡಿಯವನು ಅವನಿಗೆ ಹೇಳಿರುತ್ತಾನೆ. ಪಂದ್ಯದ ಕಾರಿನಲ್ಲಿ ಎಂಜಿನ್ನನ್ನೇ ಬೇರೆ ರೀತಿಯಲ್ಲಿ ಸಿದ್ಧಪಡಿಸಿದಾಗ ಈ ಮಾತಿಗೆ ಅರ್ಥವುಂಟು. ಸಂಸಾರದ ಸಣ್ಣ ಕಾರಿಗೆ ದಪ್ಪ ಕೊಳವೆ ಹಾಕಿದರೆ ಹೆಚ್ಚುವುದು ಗದ್ದಲವೇ. ಬಲ ಹೆಚ್ಚಿದಂತೆ ಕಿವಿಗೆ ಭ್ರಮೆಯಾಗುತ್ತದೆ, ಅಷ್ಟೆ. ಎಷ್ಟೋ ವೇಳೆ ಕಡಮೆ ವೇಗದ ಎಳೆತವು ಇದ್ದುದಕ್ಕಿಂತಲೂ ತಗ್ಗುತ್ತದೆ. ಕನ್ವರ್ಟರನ್ನೂ ತೆಗೆದಿದ್ದರೆ ಎದುರಿನ ಫಲಕದಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುವುದು; ಅದನ್ನು ನಂದಿಸಲು ಸೆನ್ಸರನ್ನು ಕೊಳವೆಯಿಂದ ಸ್ವಲ್ಪ ದೂರಕ್ಕೆ ಸರಿಸಿ ನಿಲ್ಲಿಸುವ ಕುಯುಕ್ತಿಯ ತುಂಡೂ ಪೇಟೆಯಲ್ಲಿ ದೊರೆಯುತ್ತದೆ. ಕಾವಲುಗಾರನ ಕಣ್ಣು ಕಟ್ಟಿ ಮನೆ ಸುರಕ್ಷಿತವಾಗಿದೆಯೆಂದು ಹೇಳಿಸುವ ಈ ಜಾಣ್ಮೆಯನ್ನು ಒಳ್ಳೆಯ ಕೆಲಸಕ್ಕೆ ಬಳಸಿದ್ದರೆ ದೇಶಕ್ಕೆ ಉಪಯೋಗವಾಗುತ್ತಿತ್ತು.

ಕಾರೊಂದು ಮಾಡಬಹುದಾದ ಸದ್ದಿಗೆ ನಮ್ಮ ದೇಶದಲ್ಲಿ ಮಿತಿಯುಂಟು: ಒಂಬತ್ತು ಜನರವರೆಗೆ ಕೂರುವ ಕಾರಿಗೆ 2005ರಿಂದ 74 ಡೆಸಿಬೆಲ್. ಡೆಸಿಬೆಲಿನ ಲೆಕ್ಕ ರೂಪಾಯಿ ಆಣೆಯ ಲೆಕ್ಕದಂತಲ್ಲ. ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಾಲಾಗುತ್ತದೆ, ಇಪ್ಪತ್ತು ಏರಿದರೆ ನೂರು ಪಾಲು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲಿಗೆ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ವಿಧಿಸುತ್ತವೆ; ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನವರೆಗೆ ನಿಶ್ಶಬ್ದ ವಲಯವೆಂದು ಗೊತ್ತುಪಡಿಸಲು ಅವಕಾಶವಿದ್ದು, ಅಲ್ಲಿ 50 ಮತ್ತು 40. ಯುರೋಪಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ರಸ್ತೆಯ ಸದ್ದು ರಾತ್ರಿ 45ಕ್ಕೆ ಮೀರಬಾರದೆಂದೇ ಹೇಳುತ್ತದೆ. ನಡುರಾತ್ರಿ ಎರಡು ಗಂಟೆಗೆ ಒಬ್ಬ ಷೋಕಿಲಾಲನು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಲು ಅರ್ಧ ನಿಮಿಷ ಸಾಕು. ಅಷ್ಟರಲ್ಲಿ ಎಚ್ಚೆತ್ತ ಕೂಸನ್ನು ಮತ್ತೆ ಮಲಗಿಸಲು ತಾಯಿಗೆ ಒಂದು ಗಂಟೆ ಹಿಡಿಯುತ್ತದೆ. ಹೃದ್ರೋಗದ ವೃದ್ಧನಿಗೆ ಆ ರಾತ್ರಿಯ ನಿದ್ರೆ ತೀರಿದಂತೆಯೇ. ಇವರಾರೂ ಠಾಣೆಗೆ ಹೋಗಿ ದೂರು ಕೊಡುವವರಲ್ಲ. ಕೊಟ್ಟರೂ, ಗಾಡಿಯ ನಂಬರೇನೆಂಬ ಪ್ರಶ್ನೆಗೆ ಹಾಸಿಗೆಯಲ್ಲಿದ್ದವರು ಏನು ಉತ್ತರ ಹೇಳಿಯಾರು?

‘ಉತ್ಸವದ ಧ್ವನಿವರ್ಧಕವಿಲ್ಲವೆ, ದೀಪಾವಳಿಯ ಪಟಾಕಿಯಿಲ್ಲವೆ, ಲಾರಿಯ ಹಾರನ್ನಿಲ್ಲವೆ? ಸೈಲೆನ್ಸರೊಂದರ ಮೇಲೆ ಏಕೆ ಈ ಕೋಪ?’ ಎಂದು ಕೇಳುವ ಮಿತ್ರರುಂಟು. ಅವೆಲ್ಲವೂ ನಿಯಮಕ್ಕೆ ಒಳಪಟ್ಟವೇ. ಅವುಗಳ ವಿಷಯವಾಗಿ ಹೇಳಲು ಮಾತಿಗೆ ಕೊರತೆಯಿಲ್ಲ. ಆದರೆ ಪಟಾಕಿ ಒಂದು ಸಲ ಸಿಡಿದು ಮುಗಿಯುತ್ತದೆ, ಹಾರನ್ನನ್ನು ಒತ್ತುವ ಕೈ ಎಂದಾದರೂ ದಣಿಯುತ್ತದೆ. ಕೊಳವೆಯು ಗಾಡಿ ಓಡಿದಷ್ಟು ಹೊತ್ತೂ ವರ್ಷದ ಎಲ್ಲ ದಿನಗಳಲ್ಲಿಯೂ ಕೂಗುತ್ತದೆ. ಕನ್ವರ್ಟರನ್ನು ಕಳೆದುಕೊಂಡಿದ್ದರೆ ಕೂಗದಿರುವಾಗಲೂ ವಿಷ ಕಾರುತ್ತದೆ.

ಕಾಯಿದೆಯಲ್ಲಿ ಬಲವಿಲ್ಲವೆಂದು ಯಾರೂ ಹೇಳಲಾರರು. ಪ್ರತಿಯೊಂದು ಮೋಟಾರು ಗಾಡಿಗೂ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮ ಹೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಮೊದಲು ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು ವಿಧಿಸುತ್ತದೆ. 2019ರ ಜನವರಿ 9ರಂದು ಕೇರಳದಿಂದ ಬಂದ ಅಪೀಲೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನು ಬಿಗಿಯಾಗಿಯೇ ಅರ್ಥಮಾಡಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182-ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಇಲ್ಲವೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ. 190ನೆಯ ಕಲಮಿನಂತೆ, ಸದ್ದು ಮತ್ತು ಹೊಗೆಯ ಮಿತಿ ಮೀರಿ ಓಡಿಸಿದವನಿಗೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಇಲ್ಲವೆ 10,000 ರೂಪಾಯಿವರೆಗೆ ದಂಡ, ಜೊತೆಗೆ ಮೂರು ತಿಂಗಳು ಲೈಸೆನ್ಸಿಗೆ ಅನರ್ಹತೆ.

ಇಷ್ಟೊಂದು ಅಸ್ತ್ರಗಳಿದ್ದೂ ಬೀದಿಯ ಸದ್ದು ಅಡಗಲಿಲ್ಲವೇಕೆ? ಮೊದಲನೆಯದಾಗಿ, ಈ ಅಸ್ತ್ರಗಳೆಲ್ಲ ಕೊಂಡವನತ್ತ ತಿರುಗಿವೆ. ಬಿಡಿಭಾಗ ಮಾರುವವನಿಗೆ ಒಂದು ಲಕ್ಷ ರೂಪಾಯಿ ದಂಡದ ಮಾತು 182-ಎ ಕಲಮಿನಲ್ಲಿ ಇದೆಯಾದರೂ, ಅದು ಸುರಕ್ಷತೆಗೆ ಅತ್ಯಗತ್ಯವೆಂದು ಕೇಂದ್ರ ಸರಕಾರವು ಪ್ರಕಟಿಸಿದ ಭಾಗಗಳಿಗೆ ಮಾತ್ರ ಅನ್ವಯಿಸುವುದು. ಅಂಗಡಿಯವನು ‘ಪಂದ್ಯದ ಉಪಯೋಗಕ್ಕೆ ಮಾತ್ರ’ ಎಂದು ಒಂದು ಚೀಟಿ ಅಂಟಿಸಿ ಕೈತೊಳೆದುಕೊಳ್ಳುತ್ತಾನೆ. ಮಾರಾಟವಾದ ಕೊಳವೆಗಳಷ್ಟು ಪಂದ್ಯಗಳು ಈ ನಾಡಿನಲ್ಲಿ ಎಲ್ಲಿ ನಡೆಯುತ್ತವೆಯೋ ನಾವರಿಯೆವು. ನಮ್ಮ ರಾಜ್ಯದಲ್ಲಿ ಪೋಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು, ಹೆಚ್ಚಾಗಿ ಮೋಟಾರು ಸೈಕಲ್ಲುಗಳವನ್ನು, ರಸ್ತೆಯಲ್ಲಿ ಸಾಲಾಗಿ ಜೋಡಿಸಿ ರೋಡ್ ರೋಲರಿನಿಂದ ಜಜ್ಜಿಸಿದ್ದುಂಟು. ನೋಡುವವರಿಗೆ ತೃಪ್ತಿಯಾಗುವ ದೃಶ್ಯವೇ ಸರಿ. ಪತ್ರಿಕೆಗಳಿಗೆ ಒಳ್ಳೆಯ ಚಿತ್ರವೂ ಹೌದು. ಪೋಲೀಸರ ಶ್ರಮವನ್ನು ನಾವು ಹಳಿಯುವುದಿಲ್ಲ. ಆದರೆ ಜಜ್ಜಿದ ಉಕ್ಕಿನ ಬದಲು ಇನ್ನಷ್ಟು ಉಕ್ಕು ಮರುದಿನವೇ ಅಂಗಡಿಯ ಗೋಡೆಯಲ್ಲಿ ತೂಗುತ್ತಿರುತ್ತದೆ.

ಎರಡನೆಯದು ಅಳತೆಯ ಪ್ರಶ್ನೆ. 74 ಡೆಸಿಬೆಲ್ ಎಂಬುದು ಪರೀಕ್ಷೆಯ ಬಯಲಿನಲ್ಲಿ, ಓಡುವ ಕಾರಿನಿಂದ ಏಳೂವರೆ ಮೀಟರು ದೂರದಲ್ಲಿ ಯಂತ್ರವಿಟ್ಟು ಅಳೆದ ಅಂಕ. ಹಲಸೂರಿನ ವೃತ್ತದಲ್ಲಿ ಲಾರಿ ಬಸ್ಸುಗಳ ನಡುವೆ ನಿಂತ ಪೇದೆಯು ಅದನ್ನು ಹೇಗೆ ಅಳೆಯಬೇಕು? ಅಳತೆಯಿಲ್ಲದೆ ಕಿವಿಯೇ ಸಾಕ್ಷಿಯಾದಾಗ ವಾದಕ್ಕೆ ಅವಕಾಶವಾಗುತ್ತದೆ. ವಾದಕ್ಕೆ ಅವಕಾಶವಾದಲ್ಲಿ ಬೇರೆ ಸಂಧಾನಗಳಿಗೂ ಅವಕಾಶವಾಗುತ್ತದೆಂಬುದನ್ನು ನಮ್ಮ ಅಧಿಕಾರಿ ವಾಚಕರಿಗೆ ಬಿಡಿಸಿ ಹೇಳಬೇಕಿಲ್ಲ. ನಿಂತ ಗಾಡಿಯ ಬಾಲದ ಕೊಳವೆಯಿಂದ ಅರ್ಧ ಮೀಟರು ದೂರದಲ್ಲಿ, 45 ಡಿಗ್ರಿ ಓರೆಯಾಗಿ ಮೈಕ್ರೋಫೋನನ್ನು ಹಿಡಿದು, ಎಂಜಿನ್ನನ್ನು ಗೊತ್ತಾದ ಸುತ್ತಿಗೆ ಏರಿಸಿ ಅಳೆಯುವ ಕ್ರಮವೊಂದು ಲೋಕದಲ್ಲಿ ಬಳಕೆಯಲ್ಲಿದೆ. ಜರ್ಮನಿಯಲ್ಲಿ ಪ್ರತಿ ಕಾರಿನ ನೋಂದಣಿ ಪತ್ರದಲ್ಲಿಯೇ ಈ ‘ನಿಂತ ಸದ್ದಿನ’ ಅಂಕವನ್ನೂ ಅದನ್ನು ಅಳೆದ ಸುತ್ತಿನ ವೇಗವನ್ನೂ ಬರೆದಿರುತ್ತಾರೆ; ಪೋಲೀಸಿನವನು ಪತ್ರ ನೋಡಿ, ಯಂತ್ರ ಹಿಡಿದು ನಿರ್ಣಯಿಸಬಲ್ಲನು. ನಮ್ಮ ನೋಂದಣಿ ಪತ್ರದಲ್ಲಿ ಗಾಡಿಯ ಬಣ್ಣವುಂಟು, ತೂಕವುಂಟು, ಆಸನಗಳ ಸಂಖ್ಯೆಯುಂಟು, ಸದ್ದಿನ ಅಂಕವಿಲ್ಲ. ತಯಾರಕನು ಸರಕಾರದ ಒಪ್ಪಿಗೆಗಾಗಿ ಸದ್ದಿನ ಪರೀಕ್ಷೆಯನ್ನು ಹೇಗೂ ಮಾಡಿಸುತ್ತಾನೆ. ಜೊತೆಯಲ್ಲಿಯೇ ಈ ಅಂಕವನ್ನೂ ಪಡೆದು ಪತ್ರದಲ್ಲಿ ಮುದ್ರಿಸಲು ತಗಲುವ ವೆಚ್ಚ ಎಷ್ಟಾದೀತು?

ಹೊಗೆ ತಪಾಸಣೆಯ ಕೇಂದ್ರಗಳೂ ಇಲ್ಲಿ ಸಾಲವು. ಪೆಟ್ರೋಲು ಕಾರಿನ ಕಾರ್ಬನ್ ಮಾನಾಕ್ಸೈಡನ್ನೂ ಉರಿಯದ ಆವಿಯನ್ನೂ ಅಲ್ಲಿ ಅಳೆಯುತ್ತಾರೆ. ನೈಟ್ರೋಜನ್ ಆಕ್ಸೈಡುಗಳನ್ನು ಅಳೆಯುವುದಿಲ್ಲ, ಸದ್ದನ್ನೂ ಅಳೆಯುವುದಿಲ್ಲ. ಕಾರಿನ ಅಡಿಗೆ ಬಾಗಿ, ಕನ್ವರ್ಟರು ಇರಬೇಕಾದಲ್ಲಿ ಇದೆಯೆ ಎಂದು ಒಂದು ದೀಪ ಹಿಡಿದು ನೋಡುವುದು ಅವರ ಕರ್ತವ್ಯಗಳಲ್ಲಿ ಸೇರಿದರೆ ಅರ್ಧ ಮೋಸ ಅಲ್ಲಿಯೇ ಬಯಲಾಗುವುದು.

ಈಗ ನಮ್ಮ ಸಂಸಾರಸ್ಥನ ಬಳಿಗೆ ಹಿಂದಿರುಗೋಣ. ಏಕೆಂದರೆ ಈ ಪ್ರಕರಣದಲ್ಲಿ ನಿಜವಾದ ಅನ್ಯಾಯವಾಗುತ್ತಿರುವುದು ಅವನಿಗೆ. ಅವನ ಹಳೆಯ ಕಾರಿನ ಕನ್ವರ್ಟರು ಕಟ್ಟಿಕೊಂಡಿದೆ. ಕಾರು ದಿಬ್ಬವನ್ನೇರಲು ಏದುಸಿರು ಬಿಡುತ್ತದೆ. ಕಂಪನಿಯ ಹೊಸ ಕನ್ವರ್ಟರಿನ ಬೆಲೆ ಕೇಳಿದರೆ ಅವನಿಗೂ ಏದುಸಿರು. ಒಳಗಿನ ಲೋಹಗಳು ಬಂಗಾರದ ಸಾಲಿನವಾದುದರಿಂದ ಬೆಲೆ ಹೆಚ್ಚಾಗುವುದು ಸಹಜ. ಆಗ ಗ್ಯಾರೇಜಿನವನು ಸಮಾಧಾನ ಹೇಳುತ್ತಾನೆ: ‘ಒಳಗಿನ ಗೂಡನ್ನು ಒಡೆದು ತೆಗೆದುಬಿಡುತ್ತೇನೆ ಸಾರ್, ಗಾಡಿ ಹಗುರಾಗಿ ಓಡುತ್ತದೆ, ಖರ್ಚೇನೂ ಇಲ್ಲ.’ ಖರ್ಚಿಲ್ಲದಿರುವುದು ಏಕೆಂಬುದನ್ನು ಅವನು ಹೇಳುವುದಿಲ್ಲ. ಒಡೆದ ಗೂಡಿನ ಚೂರುಗಳನ್ನು ಅದರಲ್ಲಿರುವ ಲೋಹಕ್ಕಾಗಿ ಗುಜರಿಯವರು ಒಳ್ಳೆಯ ಹಣ ಕೊಟ್ಟು ಕೊಳ್ಳುತ್ತಾರೆ. ಹೀಗೆ ಯಜಮಾನನು ಬೆಲೆಬಾಳುವ ಒಡವೆಯನ್ನು ಉಚಿತವಾಗಿ ಕೊಟ್ಟು, ಅಪರಾಧಿಯೂ ಆಗಿ, ಉಪಕಾರವಾಯಿತೆಂದು ಕೈಮುಗಿದು ಮನೆಗೆ ಹೋಗುತ್ತಾನೆ. ಇಂತಹವನ ಮೇಲೆ ದಂಡದ ಕಲಮನ್ನು ಬೀಸುವುದಕ್ಕೆ ಮುನ್ನ, ನ್ಯಾಯವಾದ ಬೆಲೆಗೆ ನ್ಯಾಯವಾದ ಸಾಮಾನು ಅವನಿಗೆ ದೊರೆಯುವುದೇ ಎಂದು ಸರಕಾರವು ಕೇಳಿಕೊಳ್ಳಬೇಡವೆ?

ಯುರೋಪಿನ ದೇಶಗಳಲ್ಲಿ ಕಂಪನಿಯದಲ್ಲದ ಸೈಲೆನ್ಸರಿಗೂ ಕನ್ವರ್ಟರಿಗೂ ನಿಷೇಧವಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದ ಸಾಮಾನಿನ ಮೈಮೇಲೆ ವೃತ್ತದೊಳಗೆ ‘ಇ’ ಎಂಬ ಅಕ್ಷರವನ್ನೂ ಒಪ್ಪಿಗೆಯ ಸಂಖ್ಯೆಯನ್ನೂ ಅಳಿಯದಂತೆ ಕೊರೆದಿರುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ಬದಲಿ ಕನ್ವರ್ಟರಿನ ಮೇಲೆ ಅಲ್ಲಿನ ವಾಯು ಮಂಡಳಿಯ ಆಜ್ಞೆಯ ಸಂಖ್ಯೆ ಇರಲೇಬೇಕು. ಕೊಳ್ಳುವವನು ಅದನ್ನು ಓದಬಲ್ಲನು, ತಪಾಸಣೆಯವನೂ ಓದಬಲ್ಲನು. ನಮ್ಮಲ್ಲಿ ತಲೆಗೆ ಹಾಕುವ ಹೆಲ್ಮೆಟ್ಟಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಪ್ರಾಣವಾಯುವಿಗೆ ಸಂಬಂಧಪಟ್ಟ ಈ ಸಾಮಾನನ್ನು ಕೊಳ್ಳುವಾಗಲೂ ಗಿರಾಕಿಯು ಹಾಗೆಯೇ ಒಂದು ಗುರುತನ್ನು ನೋಡಿ ಕೊಳ್ಳುವಂತಾಗಬೇಕು. ಗುರುತುಳ್ಳದ್ದನ್ನು ಕನ್ವರ್ಟರಿನಿಂದ ಹಿಂದಕ್ಕೆ ಯಾರು ಬೇಕಾದರೂ ಮನೆಯಲ್ಲಿಯೇ ಜೋಡಿಸಿಕೊಳ್ಳಲಿ, ಅದಕ್ಕೆ ಅನುಮತಿಯ ಅರ್ಜಿಯೂ ಬೇಡ, ಆರ್.ಟಿ.ಓ. ಕಚೇರಿಯ ಪ್ರದಕ್ಷಿಣೆಯೂ ಬೇಡ. ಕನ್ವರ್ಟರನ್ನು ಬದಲಾಯಿಸಿದವನು ಹೊಸದರ ಬಿಲ್ಲನ್ನು ಹೊಗೆ ತಪಾಸಣೆಯ ಸಮಯದಲ್ಲಿ ತೋರಿಸಲಿ. ಗುರುತಿಲ್ಲದ ಕೊಳವೆಯನ್ನು ಮಾರುವುದೇ ಅಪರಾಧವೆಂದು ಕಾಯಿದೆಯಲ್ಲಿ ನೇರವಾಗಿ ಬರೆಯಲಿ.

ಮೋಟಾರು ಬಿಡಿಭಾಗಗಳ ಮೇಲಿನ ಸರಕು ಸೇವಾ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಒಂದೇ ಸಮನಾಗಿ ನೂರಕ್ಕೆ 18ಕ್ಕೆ ಬಂದಿದೆ. ಅಲ್ಲಿಯವರೆಗೆ ಅನೇಕ ಭಾಗಗಳ ಮೇಲೆ 28 ಇತ್ತು. ಈ ಇಳಿತವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಊರಿನ ಗಾಳಿಯನ್ನು ಶುದ್ಧಮಾಡುವ ಕನ್ವರ್ಟರಿಗೂ, ಕಾರಿನ ಅಲಂಕಾರಕ್ಕಾಗಿ ಅಂಟಿಸುವ ಹೊಳೆಯುವ ಪಟ್ಟಿಗೂ ಒಂದೇ ತೆರಿಗೆಯೆ? ಒಪ್ಪಿಗೆಯ ಗುರುತುಳ್ಳ ಬದಲಿ ಕನ್ವರ್ಟರಿಗೆ ನೂರಕ್ಕೆ 5ರ ದರವನ್ನು ಜಿ.ಎಸ್.ಟಿ. ಮಂಡಲಿಯಲ್ಲಿ ಕೇಳುವ ಅಧಿಕಾರ ನಮ್ಮ ರಾಜ್ಯ ಸರಕಾರಕ್ಕೂ ಉಂಟು.

ಕೇಂದ್ರದ ನಿಯಮಗಳು ತಿದ್ದುಪಡಿಯಾಗಲು ಕಾಲ ಹಿಡಿಯುತ್ತದೆಂದು ಬಲ್ಲೆವು. ಅಲ್ಲಿಯವರೆಗೆ ನಮ್ಮ ಸಾರಿಗೆ ಇಲಾಖೆಯೂ ಪೋಲೀಸು ಇಲಾಖೆಯೂ ಒಂದು ಸಣ್ಣ ಕೆಲಸವನ್ನು ನಾಳೆಯಿಂದಲೇ ಮಾಡಬಹುದು. ರೋಲರಿನ ಅಡಿಗೆ ಹೋಗುವ ಪ್ರತಿಯೊಂದು ಕೊಳವೆಯ ಜಪ್ತಿ ಪಟ್ಟಿಯಲ್ಲಿ ಗಾಡಿಯ ನಂಬರಿನ ಪಕ್ಕಕ್ಕೆ ಇನ್ನೊಂದು ಅಂಕಣವನ್ನು ಎಳೆದು, ಅದನ್ನು ಯಾವ ಅಂಗಡಿಯಿಂದ, ಯಾವ ತಾರೀಖಿನಲ್ಲಿ, ಎಷ್ಟು ಬೆಲೆಗೆ ಕೊಂಡುದೆಂದು ಮಾಲೀಕನಿಂದ ಬರೆಸಿಕೊಳ್ಳಲಿ; ಬಿಲ್ಲಿದ್ದರೆ ಅದರ ನಕಲನ್ನು ಲಗತ್ತಿಸಲಿ. ಆರು ತಿಂಗಳ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೇಲಿಂದ ಮೇಲೆ ಬರುವ ಅಂಗಡಿಗಳ ಹೆಸರು ತಾನಾಗಿಯೇ ಮೇಲೆ ತೇಲುವುದು. ಆ ಹೆಸರುಗಳನ್ನು ಸರಕಾರವು ಪ್ರಕಟಿಸುವುದಾದರೆ ಅವುಗಳಿಗೆ ಈ ಪತ್ರಿಕೆಯಲ್ಲಿ ಸ್ಥಳವನ್ನು ನಾವು ಸಂತೋಷದಿಂದ ಕೊಡುವೆವು.